ಮೂತಿ ಕಳೆದುಕೊಂಡ ಜೀಪು

ಕಳೆದ ಮಳೆಗಾಲದಲ್ಲಿ ಸಕಲೇಶಪುರದ ಕಡೆಯ ಒಂದು ಗ್ಯಾರೇಜಿಗೆ ಹೋಗಿದ್ದೆ. ಅದರ ಹಿಂಬದಿಯ ತಗಡಿನ ಮಾಡಿನ ಕೆಳಗೆ ಒಂದು ವಿಚಿತ್ರ ಗಾಡಿ ನಿಂತಿತ್ತು. ಚಕ್ರ, ಆಕ್ಸಲ್, ಪಟ್ಟಿ ಸ್ಪ್ರಿಂಗು ನೋಡಿದರೆ ಜೀಪು. ಎದುರಿಗೆ ಬಂದು ನೋಡಿದರೆ ಬಾನೆಟ್ಟೇ ಇಲ್ಲದ ಪುಟ್ಟ ಲಾರಿ. ಡ್ರೈವರ್ ಸೀಟು ಮುಂದಿನ ಚಕ್ರದ ನೆತ್ತಿಯ ಮೇಲಿತ್ತು.

"ಇದು ಹುಟ್ಟಿದ್ದು ಹೀಗಲ್ಲ ಮಾರಾಯ್ರೆ. ನಮ್ಮಪ್ಪ ಮಾಡಿದ್ದು" ಎಂದರು ಮೇಸ್ತ್ರಿ. ಮೂಲದಲ್ಲಿ ಅದು ಎತ್ತರದ ಬಾನೆಟ್ಟಿನ ಸಿಜೆ-3ಬಿ ಜೀಪು. ತೋಟದ ಯಜಮಾನರೊಬ್ಬರಿಗೆ ಕಾಫಿ ಮೂಟೆ ಹೊರುವ ಗಾಡಿ ಬೇಕಿತ್ತು. ಲಾರಿ ಅವರ ತೋಟದ ತಿರುವುಗಳಲ್ಲಿ ತಿರುಗುತ್ತಿರಲಿಲ್ಲ, ಜೀಪಿನಲ್ಲಿ ಮೂಟೆ ಹಿಡಿಯುತ್ತಿರಲಿಲ್ಲ. ಎರಡರ ನಡುವಿನದೊಂದನ್ನು ಈ ಗ್ಯಾರೇಜಿನಲ್ಲೇ ಮಾಡಿಕೊಡಲಾಯಿತು.

ಸ್ವಾತಂತ್ರ್ಯಾನಂತರದ ಮೋಟಾರು ಸಾರಿಗೆಯ ಮೇಲೆ ಪಿಎಚ್.ಡಿ. ಮಾಡುತ್ತಿರುವ ನನಗೆ ಆ ಗಾಡಿ ಒಂದು ಅಧ್ಯಾಯದಂತೆ ಕಂಡಿತು. ಮಾರ್ಗದರ್ಶಕರಿಗೆ ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ದಾಖಲೆ ಎಲ್ಲಿದೆ?" ಅದಕ್ಕೆ ಉತ್ತರ ಹುಡುಕುತ್ತಾ ನಾನು ಮೊದಲು ಹೋಗಿದ್ದು ಅಮೆರಿಕದ ಒಹಾಯೊ ರಾಜ್ಯದ ಟೊಲಿಡೊ ನಗರದ ಕಥೆಗೆ.

1940ರಲ್ಲಿ ಅಮೆರಿಕದ ಸೇನೆ ಹಗುರವಾದ, ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಗಾಡಿಗಾಗಿ ಕಂಪನಿಗಳನ್ನು ಕೇಳಿತು. ಬ್ಯಾಂಟಮ್ ಎಂಬ ಸಣ್ಣ ಕಂಪನಿ ಮೊದಲ ಮಾದರಿಯನ್ನು 49 ದಿನಗಳ ಗಡುವಿನೊಳಗೆ ತಯಾರಿಸಿ ಕೊಟ್ಟಿತು. ಯುದ್ಧ ಮುಗಿಯುವ ಹೊತ್ತಿಗೆ ಟೊಲಿಡೊದ ವಿಲ್ಲೀಸ್ ಮತ್ತು ಫೋರ್ಡ್ ಸೇರಿ 6 ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ಮಾಡಿದ್ದವು. ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ ಬರೀ 80 ಇಂಚು. ಗುಡ್ಡದ ದಾರಿಯಲ್ಲಿ ಆಡಿನಂತೆ ತಿರುಗಬಲ್ಲ ಗಾಡಿ. ಆದರೆ ಉದ್ದದ ದೊಡ್ಡ ಪಾಲನ್ನು ಇಂಜಿನ್ನೇ ನುಂಗುತ್ತಿತ್ತು. ಇಂಜಿನ್ನಿನ ಹಿಂದೆ ಡ್ರೈವರ್, ಡ್ರೈವರಿನ ಹಿಂದೆ ಉಳಿದಷ್ಟು ಜಾಗದಲ್ಲಿ ಸರಕು.

ಇದಕ್ಕೆ ಕಾರ್ಖಾನೆಯೇ ಕೊಟ್ಟ ಉತ್ತರ 1956ರ ಕೊನೆಯಲ್ಲಿ ಬಂದ ಎಫ್‌ಸಿ-150. ಎಫ್‌ಸಿ ಎಂದರೆ ಫಾರ್ವರ್ಡ್ ಕಂಟ್ರೋಲ್. ಸ್ಟಿಯರಿಂಗು, ಪೆಡಲು, ಡ್ರೈವರು ಎಲ್ಲವೂ ಇಂಜಿನ್ನಿನ ಹಿಂದಿನಿಂದ ಮುಂದಕ್ಕೆ ಬಂದವು. ವಿನ್ಯಾಸಕಾರ ಮಿಲ್ವಾಕಿಯ ಬ್ರೂಕ್ಸ್ ಸ್ಟೀವನ್ಸ್. ಚಕ್ರಾಂತರ ಸಿಜೆ-5 ಜೀಪಿನದೇ, 81 ಇಂಚು. ಗಾಡಿಯ ಒಟ್ಟು ಉದ್ದ ಸುಮಾರು 12 ಅಡಿ, ಅದರಲ್ಲಿ 6 ಅಡಿಯಷ್ಟು ಸರಕಿನ ತೊಟ್ಟಿ. ಮರುವರ್ಷ ಆರು ಸಿಲಿಂಡರಿನ, 103.5 ಇಂಚು ಚಕ್ರಾಂತರದ ಎಫ್‌ಸಿ-170 ಕೂಡ ಬಂತು.

ಜಾಗ ಸಿಕ್ಕಿತು, ತೂಕ ಕೆಟ್ಟಿತು. ಇಂಜಿನ್, ಕ್ಯಾಬಿನ್, ಡ್ರೈವರ್ ಎಲ್ಲ ಮುಂದಿನ ಆಕ್ಸಲಿನ ಮೇಲೆ ಕೂತರೆ ಖಾಲಿ ಗಾಡಿಯ ಹಿಂಭಾಗ ಹಗುರ. ಇಳಿಜಾರಿನಲ್ಲಿ ಬ್ರೇಕು ಒತ್ತಿದರೆ ಹಿಂದಿನ ಚಕ್ರಗಳು ನೆಲದ ಹಿಡಿತ ಬಿಡುತ್ತವೆ. ಮೇಲಾಗಿ ಕ್ಯಾಬಿನ್ ಎತ್ತರ, ಚಕ್ರಗಳ ನಡುವಿನ ಅಗಲ ಕಡಿಮೆ. 1958ರಲ್ಲಿ ಎಫ್‌ಸಿ-150ರ ಈ ಅಗಲವನ್ನು 48 ಇಂಚಿನಿಂದ 57 ಇಂಚಿಗೆ ಹೆಚ್ಚಿಸಬೇಕಾಯಿತು. ಲ್ಯಾಂಡ್ ರೋವರ್ ತಯಾರಿಸುತ್ತಿದ್ದ ಇಂಗ್ಲೆಂಡಿನ ರೋವರ್ ಕಂಪನಿಯದೂ ಇದೇ ಪಾಡು. 1962ರಲ್ಲಿ ತನ್ನ 109 ಇಂಚಿನ ಷಾಸಿಯ ಮೇಲೆ ಇನ್ನೊಂದು ಚೌಕಟ್ಟು ಹೊರಿಸಿ ಅದು ಫಾರ್ವರ್ಡ್ ಕಂಟ್ರೋಲ್ ಲಾರಿ ಮಾಡಿತು. 1966ರ ಹೊಸ ಮಾದರಿಯಲ್ಲಿ ಆಕ್ಸಲ್ ಅಗಲ ಮಾಡಿತು. ಡ್ರೈವರನ್ನು ಮುಂದಕ್ಕೆ ಕೂರಿಸಿದರೆ ಇಡೀ ಗಾಡಿಯನ್ನೇ ಮತ್ತೆ ಲೆಕ್ಕ ಹಾಕಬೇಕು ಎಂಬುದನ್ನು ದೊಡ್ಡ ಕಾರ್ಖಾನೆಗಳೂ ಹೀಗೆ ಮಾಡಿಯೇ ಕಲಿತವು.

ಇದನ್ನೆಲ್ಲ ಓದಿಕೊಂಡು ಮತ್ತೆ ಗ್ಯಾರೇಜಿಗೆ ಹೋದಾಗ ಆ ಗಾಡಿ ನನಗೆ ಬೇರೆಯಾಗಿ ಕಂಡಿತು. ಮೇಸ್ತ್ರಿ ಒಂದೊಂದನ್ನೂ ಮುಟ್ಟಿ ತೋರಿಸಿದರು. ಸಿಜೆ-3ಬಿಯ ಹರಿಕೇನ್ ಇಂಜಿನ್ ಎತ್ತರದ್ದು. ಆ ಜೀಪಿನ ಬಾನೆಟ್ಟು ಅಷ್ಟು ಮೇಲೆದ್ದಿರುವುದೇ ಅದಕ್ಕಾಗಿ. ಹಾಗಾಗಿ ಎರಡು ಸೀಟಿನ ನಡುವೆ ತಗಡಿನ ಪೆಟ್ಟಿಗೆ ಮಾಡಿ ಇಂಜಿನ್ನನ್ನು ಅದರೊಳಗೆ ಮುಚ್ಚಿದ್ದರು. ಶಾಖ ತಡೆಯಲು ಪೆಟ್ಟಿಗೆಯ ಮೇಲೆ ಗೋಣಿಚೀಲದ ಪದರ. ಗೇರ್‌ಬಾಕ್ಸು ಈಗ ಡ್ರೈವರಿನ ಬೆನ್ನ ಹಿಂದೆ, ಆದ್ದರಿಂದ ಗೇರು ಹಾಕಲು ಉದ್ದದ ಸರಳು ಮತ್ತು ಕೀಲು. ಸ್ಟಿಯರಿಂಗ್ ಕಂಬ ಹೆಚ್ಚುಕಮ್ಮಿ ನೆಟ್ಟಗೆ ನಿಂತಿತ್ತು.

ಕಷ್ಟ ಕೊಟ್ಟದ್ದು ಈ ಸ್ಟಿಯರಿಂಗೇ ಅಂತೆ. ಹಳ್ಳಕ್ಕೆ ಇಳಿದಾಗ ಸ್ಪ್ರಿಂಗು ಒಂದು ದಾರಿಯಲ್ಲಿ ಮೇಲೇಳುತ್ತದೆ, ಸ್ಟಿಯರಿಂಗಿನ ಸರಳು ಇನ್ನೊಂದು ದಾರಿಯಲ್ಲಿ. ಎರಡೂ ಹೊಂದದಿದ್ದರೆ ಡ್ರೈವರ್ ತಿರುಗಿಸದೆಯೇ ಚಕ್ರ ತಿರುಗುತ್ತದೆ. ಅವರಪ್ಪ ಸರಳಿನ ಉದ್ದವನ್ನು ಮೂರು ಸಲ ಬದಲಿಸಿದ್ದರು. ಹಿಂಭಾಗ ಹಗುರವಾದದ್ದಕ್ಕೆ ಷಾಸಿಯ ತುದಿಯಲ್ಲಿ ರೈಲು ಕಂಬಿಯ ತುಂಡೊಂದನ್ನು ಬೋಲ್ಟು ಹಾಕಿ ಬಿಗಿದಿದ್ದರು. "ಎಫ್‌ಸಿ ಗಾಡಿ ನೋಡಿ ಮಾಡಿದರಾ?" ಎಂದು ಕೇಳಿದೆ. "ರಸ್ತೆಯಲ್ಲಿ ನೋಡಿರಬೇಕು. ಓದಲಿಕ್ಕೆ ಅವರಿಗೆ ಬರುತ್ತಿರಲಿಲ್ಲ" ಎಂದರು.

ಆ ಮಾತು ಸುಳ್ಳಿರಲಾರದು. ಅಮೆರಿಕದಲ್ಲಿ ಎಫ್‌ಸಿ ತಯಾರಿಕೆ ಅರವತ್ತರ ದಶಕದ ಮಧ್ಯದಲ್ಲೇ ನಿಂತಿತು. ಇಲ್ಲಿ ಮಹೀಂದ್ರ ಕಂಪನಿ ಪರವಾನಗಿ ಪಡೆದು ಅದನ್ನು ತಯಾರಿಸಿತು, ಆಮೇಲೆ ಡೀಸೆಲ್ ಇಂಜಿನ್ ಕೂರಿಸಿ ದಶಕಗಳ ಕಾಲ ಮುಂದುವರಿಸಿತು. ಅದೇ ವಂಶದಿಂದ ಎಫ್‌ಜೆ ಹೆಸರಿನ ವ್ಯಾನುಗಳೂ ಬಂದವು. ಇದೇ ಬ್ರೂಕ್ಸ್ ಸ್ಟೀವನ್ಸ್ 1954ರಲ್ಲಿ ಇನ್ನೊಂದು ಕಾರಣಕ್ಕೆ ಹೆಸರಾಗಿದ್ದರು. ಕೊಳ್ಳುವವರಿಗೆ ಅಗತ್ಯಕ್ಕಿಂತ ಸ್ವಲ್ಪ ಮೊದಲೇ ಹೊಸದರ ಆಸೆ ಹುಟ್ಟಬೇಕು ಎಂಬ ಯೋಜಿತ ಹಳತಾಗುವಿಕೆಯ ವಾದವನ್ನು ಪ್ರಚಾರಕ್ಕೆ ತಂದವರು ಅವರು. ಅವರ ಗಾಡಿ ಹಳತಾಗಲು ಒಪ್ಪದೆ ಉಳಿದದ್ದು ನಮ್ಮಂಥ ದೇಶದಲ್ಲಿ.

ಹೀಗೆ ಹೇಳುವಾಗ ನಮ್ಮ ಗ್ಯಾರೇಜುಗಳ ಜಾಣ್ಮೆಯನ್ನು ಕೊಂಡಾಡಿ ಮುಗಿಸುವ ಆಸೆಯಾಗುತ್ತದೆ. ಆದರೆ ಮೇಸ್ತ್ರಿ ಅದಕ್ಕೆ ಬಿಡಲಿಲ್ಲ. "ಇವತ್ತು ಯಾರಾದರೂ ಕೇಳಿದರೆ ನಾನು ಮಾಡಿಕೊಡುವುದಿಲ್ಲ. ಎದುರಿನಿಂದ ಗುದ್ದಿದರೆ ಮೊದಲು ಹೋಗುವುದು ಡ್ರೈವರಿನ ಮೊಣಕಾಲು. ಬಾನೆಟ್ಟು ಬರೀ ಇಂಜಿನ್ ಮುಚ್ಚಲಿಕ್ಕಲ್ಲ" ಎಂದರು. ಕಾನೂನೂ ಬಿಡುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನನ್ನು 2000ದಲ್ಲಿ ತಿದ್ದಿ ಬಿಗಿಗೊಳಿಸಲಾಯಿತು. ತಯಾರಕರು ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಸ್ಪಷ್ಟವಾಗಿ ಹೇಳಿತು. ರಸ್ತೆಯ ಮೇಲಿನ ಜೀವಗಳನ್ನು ನೆನೆದರೆ ಇದನ್ನು ತಪ್ಪೆನ್ನಲು ನನಗೆ ಬಾಯಿ ಬರುವುದಿಲ್ಲ.

ನನ್ನ ಚಿಂತೆ ಬೇರೆ. ಈ ಬಗೆಯ ಗಾಡಿ ಮತ್ತೆ ಹುಟ್ಟುವುದಿಲ್ಲ, ಹುಟ್ಟಿದವು ಗುಜರಿಗೆ ಹೋಗುತ್ತಿವೆ. ಕಾರ್ಖಾನೆಯ ತಪ್ಪು, ತಿದ್ದುಪಡಿಗಳಿಗೆ ನಕ್ಷೆ ಇದೆ, ಇಸವಿ ಇದೆ. 48 ಇಂಚು 57 ಆದದ್ದನ್ನು ನಾನು ಇಲ್ಲಿ ಕೂತು ಓದಬಲ್ಲೆ. ಮೂರು ಸಲ ಬದಲಾದ ಆ ಸರಳಿನ ಉದ್ದ ಮಾತ್ರ ಎಲ್ಲೂ ಬರೆದಿಲ್ಲ. ಈ ಗಾಡಿಯ ಆರ್‌ಸಿ ಪುಸ್ತಕದಲ್ಲೂ ಇರುವುದು ಜೀಪು ಎಂಬ ಒಂದೇ ಪದ.

ಈ ದೀಪಾವಳಿ ಕಳೆದ ಮೇಲೆ ಅದನ್ನು ಗುಜರಿಯವರಿಗೆ ಕೊಡುವುದೆಂದು ಮೇಸ್ತ್ರಿ ಹೇಳಿದ್ದಾರೆ. ನಾನು ಎರಡು ದಿನ ಅಲ್ಲೇ ಉಳಿದು ಟೇಪು ಹಿಡಿದು ಅಳೆದೆ. ಟೇಪಿನ ಇನ್ನೊಂದು ತುದಿಯನ್ನು ಅವರೇ ಹಿಡಿದಿದ್ದರು. ಚಕ್ರಾಂತರ 80 ಇಂಚು, ತೊಟ್ಟಿ ಐದೂಮುಕ್ಕಾಲು ಅಡಿ, ಸ್ಟಿಯರಿಂಗ್ ಸರಳು 31 ಇಂಚು. ಸರಳನ್ನು ಒರೆಸಿದಾಗ ಅದರ ಮೇಲೆ ಉಳಿಯಲ್ಲಿ ಹಾಕಿದ ಮೂರು ಗೀರು ಕಂಡವು. ಮೊದಲ ಎರಡರ ಮೇಲೆ ಅಡ್ಡಗೆರೆ ಎಳೆದಿತ್ತು. ಅದರ ಫೋಟೊ ತೆಗೆದು ಮಾರ್ಗದರ್ಶಕರಿಗೆ ಕಳಿಸಿದ್ದೇನೆ.