ಮುತ್ಯಾನ ಎದೆಯೊಳಗಿನ ಮಿಷಿನ್ನು

ಮುತ್ಯಾನಿಗೆ ಟಿಕೋಟಾದ ಹೊಲದಲ್ಲಿ ಮಣ್ಣು ಕೊಟ್ಟ ದಿನ ಎಲ್ಲವೂ ಪದ್ಧತಿಯಂತೆ ನಡೆಯಿತು. ಕೂಡಿಸಿ, ಎಡಗೈಯಲ್ಲಿ ಇಷ್ಟಲಿಂಗ ಇಟ್ಟು, ವಿಭೂತಿ, ಪತ್ರಿ ಹಾಕಿದರು. ಬೆರಳಿನ ಉಂಗುರ ಮಾತ್ರ ಬಿಚ್ಚಿ ಕಾಕಾನ ಕೈಗೆ ಕೊಟ್ಟರು. ಆಗ ನನ್ನ ತಮ್ಮ ಮೆಲ್ಲಗೆ ಕೇಳಿದ, "ಕಾಕಾ, ಎದಿಯಾಗಿನ ಮಿಷಿನ್ನ ಹಂಗ ಬಿಡೂದೇನು?" ಕಾಕಾ ಸಿಟ್ಟಾದ. "ಸುಮ್ನಿರು. ಅದೂ ಮೈಯಾಗಿಂದ."

ಅದಕ್ಕೂ ಮೂರು ವರ್ಷ ಮೊದಲು ಸೊಲ್ಲಾಪುರದಲ್ಲಿ ಮುತ್ಯಾನ ಎದೆಯ ಎಡಭಾಗದಲ್ಲಿ, ಭುಜದ ಕೆಳಗೆ, ಪೇಸ್‌ಮೇಕರ್ ಕೂಡಿಸಿದ್ದರು. ಅದರ ಬ್ಯಾಟರಿ ಸಾಮಾನ್ಯವಾಗಿ ಎಂಟು-ಹತ್ತು ವರ್ಷ ಬರುತ್ತದೆ. ಪೇಸ್‌ಮೇಕರ್ ಇದ್ದವರ ಜೀವ ಸುಲಭಕ್ಕೆ ಹೋಗುವುದಿಲ್ಲ ಎಂದು ನಮ್ಮ ಕಡೆ ಹೇಳುತ್ತಾರೆ. ಅದು ನಿಜವಲ್ಲ. ಆದರೆ ಜೀವ ಹೋದ ಮೇಲೂ ಯಂತ್ರ ನಿಲ್ಲುವುದಿಲ್ಲ ಎಂಬುದು ನಿಜ. ಹೃದಯ ಓಗೊಡದಿದ್ದರೂ ಅದು ತನ್ನ ಪಾಡಿಗೆ ಮಿಡಿತ ಕಳಿಸುತ್ತಿರುತ್ತದೆ.

ನಾನು ವಿಜಯಪುರದ ಸಮಾಧಿಗಳ ಇತಿಹಾಸದ ಮೇಲೆ ಪಿಎಚ್‌.ಡಿ. ಮಾಡುತ್ತಿದ್ದೇನೆ. ಗೋಳಗುಮ್ಮಟದಲ್ಲಿ ಕಾಣುವ ಗೋರಿ ಗುರುತಿಗಷ್ಟೇ, ಮಹಮ್ಮದ್ ಆದಿಲ್‌ಶಾಹನ ನಿಜವಾದ ಗೋರಿ ನೆಲಮಾಳಿಗೆಯಲ್ಲಿದೆ ಎಂದು ಬಂದವರಿಗೆಲ್ಲ ಹೇಳುತ್ತೇನೆ. ನಮ್ಮದೇ ಹೊಲದ ಮಣ್ಣೊಳಗೆ ಒಂದು ಯಂತ್ರ ಮಿಡಿಯುತ್ತಿದೆ ಎಂಬುದು ತಮ್ಮ ಕೇಳುವತನಕ ಹೊಳೆದಿರಲಿಲ್ಲ.

ಪೇಸ್‌ಮೇಕರಿನ ಹುಟ್ಟಿನ ಕಥೆ ಎಲ್ಲೆಡೆ ಸಿಗುತ್ತದೆ. 1958ರ ಅಕ್ಟೋಬರ್ 8ರಂದು ಸ್ವೀಡನ್ನಿನಲ್ಲಿ ಆರ್ನೆ ಲಾರ್ಸನ್ ಎಂಬಾತನ ಮೈಯೊಳಗೆ ಮೊದಲ ಪೇಸ್‌ಮೇಕರ್ ಕೂಡಿಸಿದರು. ಅವನ ಹೆಂಡತಿ ಬೆನ್ನುಹತ್ತಿ ಕಾಡಿದ್ದಕ್ಕೆ ಎಂಜಿನಿಯರ್ ರೂನೆ ಎಲ್ಮ್‌ಕ್ವಿಸ್ಟ್ ಅದನ್ನು ಬೂಟ್ ಪಾಲಿಶ್ ಡಬ್ಬಿಯಲ್ಲಿ ಎರಕ ಹೊಯ್ದು ಮಾಡಿದ, ಡಾಕ್ಟರ್ ಓಕೆ ಸೆನ್ನಿಂಗ್ ಕೂಡಿಸಿದ. ಅದು ಕೆಲವೇ ತಾಸು ನಡೆಯಿತು. ಲಾರ್ಸನ್ ಮಾತ್ರ ಒಂದಾದ ಮೇಲೊಂದರಂತೆ 26 ಪೇಸ್‌ಮೇಕರ್ ಬಳಸಿ, ತನ್ನನ್ನು ಉಳಿಸಿದ ಇಬ್ಬರಿಗಿಂತಲೂ ಹೆಚ್ಚು ಕಾಲ ಬದುಕಿ 2001ರಲ್ಲಿ ತೀರಿಕೊಂಡ.

ಯಂತ್ರ ಇಟ್ಟುಕೊಂಡವರು ಸತ್ತ ಮೇಲೆ ಏನು ಎಂಬ ಕಥೆಯನ್ನು ಹುಡುಕಬೇಕಾಗುತ್ತದೆ. ಆ ಪ್ರಶ್ನೆ ಬಂದಿದ್ದೇ ಭಯದಿಂದ. 1970ರಲ್ಲಿ ಪ್ಯಾರಿಸ್ಸಿನಲ್ಲಿ ಪ್ಲುಟೋನಿಯಂನಿಂದ ನಡೆಯುವ ಪೇಸ್‌ಮೇಕರ್ ಬಂತು. ಅದನ್ನು ಹೂಳುವಂತಿಲ್ಲ, ಸುಡುವಂತಿಲ್ಲ. ತೆಗೆದು ವಾಪಸ್ ಕೊಡಲೇಬೇಕು. 1976ರಲ್ಲಿ ಇಂಗ್ಲೆಂಡಿನ ಸೋಲಿಹಲ್ಲಿನ ಚಿತಾಗಾರದಲ್ಲಿ ಹೆಣ ಸುಡುವಾಗ ಪೇಸ್‌ಮೇಕರ್ ಸಿಡಿಯಿತು. ಬಿಸಿಗೆ ಮುಚ್ಚಿದ ಡಬ್ಬಿಯೊಳಗಿನ ಬ್ಯಾಟರಿ ಉಬ್ಬಿ ಒಡೆಯುತ್ತದೆ. ಈಗ ಅಲ್ಲಿ ಸುಡುವ ಮುನ್ನ ತುಂಬುವ ಅರ್ಜಿಯಲ್ಲೇ ಮೈಯಲ್ಲಿ ಪೇಸ್‌ಮೇಕರ್ ಇದೆಯೇ ಎಂದು ಕೇಳುತ್ತಾರೆ. ಹೃದಯಕ್ಕೆ ಶಾಕ್ ಕೊಡುವ ಇನ್ನೊಂದು ಬಗೆಯ ಯಂತ್ರವಿದ್ದರೆ ಮೊದಲು ಆಫ್ ಮಾಡಬೇಕು. ಇಲ್ಲದಿದ್ದರೆ ತೆಗೆಯುವವರ ಕೈಗೇ ಶಾಕ್ ಹೊಡೆದೀತು.

ನಮ್ಮ ಕಡೆ ಲಿಂಗಾಯತರೂ ಮುಸಲ್ಮಾನರೂ ಹೂಳುವವರು. ಬೆಂಕಿಯ ಭಯ ಇಲ್ಲದ್ದರಿಂದ ಪ್ರಶ್ನೆಯೂ ಹುಟ್ಟಲಿಲ್ಲ. ಹಾಗಂತ ಪದ್ಧತಿ ಎಂದರೆ ಬದಲಾಗದ್ದು ಎಂದು ನಾನು ಒಪ್ಪುವುದಿಲ್ಲ. ಇದೇ ಸೀಮೆಯ ಬಿಜ್ಜರಗಿಯಲ್ಲಿ ಹುಟ್ಟಿದ ಸಿದ್ಧೇಶ್ವರ ಸ್ವಾಮೀಜಿ ತಮ್ಮ ದೇಹವನ್ನು ಹೂಳದೆ ಅಗ್ನಿಗೆ ಅರ್ಪಿಸಬೇಕು, ಸ್ಮಾರಕ ಕಟ್ಟಬಾರದು ಎಂದು ಬರೆದಿಟ್ಟಿದ್ದರು. 2023ರ ಜನವರಿ 3ರಂದು ವಿಜಯಪುರದ ಜ್ಞಾನಯೋಗಾಶ್ರಮದಲ್ಲಿ ಹಾಗೆಯೇ ಆಯಿತು. ಮೊದಲೇ ಹೇಳಿದವರ ಮಾತು ನಮ್ಮ ಜನ ಮೀರಲಿಲ್ಲ.

ಮುತ್ಯಾ ಹೋಗಿ ಎರಡು ವರ್ಷಕ್ಕೆ ಅವನ ಹಿರಿಯ ಮಗಳು, ಬಬಲೇಶ್ವರದ ನಮ್ಮ ಅತ್ತಿ, ಮೇಲಿಂದ ಮೇಲೆ ಕಣ್ಣು ಕತ್ತಲೆ ಬಂದು ಬೀಳತೊಡಗಿದಳು. ಅಪ್ಪನ ರೋಗವೇ. ಪೇಸ್‌ಮೇಕರ್ ಬೇಕೆಂದರು. ಒಣದ್ರಾಕ್ಷಿ ಮಾರಿ ದುಡ್ಡು ಬರಲಿ ಎಂದು ಮನೆಯವರು ಕಾದರು. ದುಡ್ಡಿಗಿಂತ ಮೊದಲು ಸಾವು ಬಂತು. ಆ ಹೊತ್ತಿಗೆ ಮುತ್ಯಾನ ಮಿಷಿನ್ನಿನಲ್ಲಿ ಇನ್ನೂ ಮೂರು ವರ್ಷವಾದರೂ ಬಾಕಿ ಇದ್ದೀತು.

ತೆಗೆದು ಹಾಗೇ ಇನ್ನೊಬ್ಬರಿಗೆ ಕೂಡಿಸಲು ಅದೇನು ಉಂಗುರವಲ್ಲ, ಗೊತ್ತು. ಆದರೆ ಆಗದ ಕೆಲಸವೂ ಅಲ್ಲ. ಅಮೆರಿಕದಲ್ಲಿ ಸತ್ತವರ ಎದೆಯಿಂದ, ಮನೆಯವರ ಒಪ್ಪಿಗೆ ಪಡೆದು ತೆಗೆದ ಪೇಸ್‌ಮೇಕರುಗಳನ್ನು ಶುದ್ಧಗೊಳಿಸಿ ಮುಂಬಯಿಯ ಹೋಲಿ ಫ್ಯಾಮಿಲಿ ಆಸ್ಪತ್ರೆಯಲ್ಲಿ 53 ಬಡ ರೋಗಿಗಳಿಗೆ ಕೂಡಿಸಿದರು. ಸೋಂಕಾಗಲಿ, ಯಂತ್ರ ಕೆಟ್ಟದ್ದಾಗಲಿ ಕಂಡುಬರಲಿಲ್ಲ ಎಂದು 2011ರಲ್ಲಿ ವರದಿಯಾಯಿತು. 2020ರಲ್ಲಿ ಕೆನಡಾದ ಸಂಶೋಧಕರು, ಮೆಕ್ಸಿಕೋ, ಗ್ವಾಟೆಮಾಲಾ ಮೊದಲಾದ ದೇಶಗಳಲ್ಲಿ ಇಂಥ ಯಂತ್ರ ಪಡೆದ 1,051 ಜನರನ್ನು ಹೊಸತು ಪಡೆದ 3,153 ಜನರೊಂದಿಗೆ ಹೋಲಿಸಿದರು. ಸೋಂಕು ಶೇ. 2 ಮತ್ತು ಶೇ. 1.2, ಆ ಅಂತರ ಲೆಕ್ಕಶಾಸ್ತ್ರದ ಪ್ರಕಾರ ಗಣನೀಯವಲ್ಲ. ಇಷ್ಟಾದರೂ ತಯಾರಕರು ಇದನ್ನು ಒಮ್ಮೆ ಮಾತ್ರ ಬಳಸುವ ವಸ್ತುವೆಂದೇ ಮಾರುತ್ತಾರೆ. ನಮ್ಮ 1994ರ ಅಂಗಾಂಗ ಕಸಿ ಕಾಯ್ದೆ ಕಣ್ಣು, ಮೂತ್ರಪಿಂಡಗಳ ಮಾತಾಡುತ್ತದೆ, ಯಂತ್ರ ಅಂಗವಲ್ಲ.

ಮುತ್ಯಾನ ಪೇಸ್‌ಮೇಕರ್ ಕಾರ್ಡು ಈಗ ನನ್ನ ಫೈಲಿನಲ್ಲಿದೆ. ಮಾಡೆಲ್, ನಂಬರು, ಕೂಡಿಸಿದ ತಾರೀಖು ಎಲ್ಲ ಇದೆ. ಸತ್ತ ಮೇಲೇನು ಎಂದು ಬರೆಯಲು ಜಾಗವಿಲ್ಲ. ಕಳೆದ ತಿಂಗಳು ಇದನ್ನೆಲ್ಲ ಕಾಕಾನಿಗೆ ಓದಿ ಹೇಳಿದೆ. ಬಹಳ ಹೊತ್ತು ಕಾರ್ಡು ಹಿಂದೆ ಮುಂದೆ ತಿರುಗಿಸಿದ.

"ಅಪ್ಪಗ ಕೇಳಿದ್ರ ತಗೀರಿ ಅಂತಿದ್ದ," ಅಂದ. "ಮಗಳಿಗಂದ್ರಂತೂ ಅಂತಿದ್ದ."