ಸಕಲೇಶಪುರ–ಆಲೂರು ಬೆಟ್ಟಗಳ ಚಾರಣತಾಣಗಳು

ಹಾಸನ ಜಿಲ್ಲೆಯ ಪಶ್ಚಿಮ ಭಾಗದ ಸಕಲೇಶಪುರ ಮತ್ತು ಆಲೂರು ತಾಲ್ಲೂಕುಗಳಲ್ಲಿ ಹರಡಿರುವ ಗುಡ್ಡ, ಕೋಟೆ, ಅಬ್ಬಿ ಮತ್ತು ಕಾಡುದಾರಿಗಳ ಸಮೂಹ. ಸಕಲೇಶಪುರ ಪಟ್ಟಣವು ಬೆಂಗಳೂರಿನಿಂದ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಸುಮಾರು 220 ಕಿ.ಮೀ. ದೂರದಲ್ಲಿ, ಹೇಮಾವತಿ ನದಿಯ ದಂಡೆಯ ಮೇಲಿದೆ. ಆಲೂರು ಅದರ ಪೂರ್ವಕ್ಕಿರುವ ಅರೆಮಲೆನಾಡು. ಪಶ್ಚಿಮಕ್ಕೆ ಸರಿದಂತೆ ಮಳೆ ಹೆಚ್ಚುತ್ತದೆ, ಗದ್ದೆಬಯಲು ಕಾಫಿ ತೋಟಕ್ಕೂ ತೋಟ ಕಾನಿಗೂ ಜಾಗ ಬಿಡುತ್ತವೆ. ಕೊನೆಗೆ ನೆಲವೇ ಘಟ್ಟವಾಗಿ ಕೆಳಗಿಳಿಯುತ್ತದೆ. ಹೇಮಾವತಿ ಪೂರ್ವಕ್ಕೆ ಹರಿದು ಕಾವೇರಿಯನ್ನು ಸೇರಿದರೆ, ಎತ್ತಿನಹೊಳೆ, ಕೆಂಪುಹೊಳೆಗಳ ನೀರು ಕುಮಾರಧಾರೆಯ ಮೂಲಕ ನೇತ್ರಾವತಿಗೆ ಹೋಗುತ್ತದೆ. ಪ್ರವಾಸದ ಬರಹಗಳು ಈ ತಾಣಗಳನ್ನು ಬೆಂಗಳೂರಿನಿಂದ ಎಷ್ಟು ಗಂಟೆಯ ದಾರಿ ಎಂಬ ಲೆಕ್ಕದಲ್ಲಿ ಪಟ್ಟಿ ಮಾಡುತ್ತವೆ. ಆದರೆ ಇಲ್ಲಿನ ನೆಲ, ನೀರು, ಕಾಡುಪ್ರಾಣಿಗಳನ್ನು ಗಮನಿಸಿದರೆ ಯಾವ ತಿಂಗಳಲ್ಲಿ ಎಲ್ಲಿಗೆ ಹೋಗಬಹುದು ಎಂಬುದೇ ಸರಿಯಾದ ವಿಂಗಡಣೆ ಎನಿಸುತ್ತದೆ.

ವರ್ಷದ ಹೆಚ್ಚಿನ ಕಾಲ ತಲುಪಬಹುದಾದದ್ದು ಮಂಜರಾಬಾದ್ ಕೋಟೆ. ಹೆದ್ದಾರಿಯ ಪಕ್ಕದಲ್ಲೇ, ದೋಣಿಗಾಲ್ ಬಳಿಯ ಗುಡ್ಡದ ಮೇಲೆ ಟಿಪ್ಪು ಸುಲ್ತಾನ್ ಕಟ್ಟಿಸಿದ ಈ ಕೋಟೆ 1792ರಲ್ಲಿ ಮುಗಿಯಿತು. ಎಂಟು ಮೂಲೆಯ ನಕ್ಷತ್ರದಂತಿರುವ ಇದರ ವಿನ್ಯಾಸ ಫ್ರಾನ್ಸಿನ ಸೇನಾ ಎಂಜಿನಿಯರ್ ವೋಬಾನ್‌ನ ಪದ್ಧತಿಯದು. ಗೋಡೆಗಳು ನೆಟ್ಟಗೆ ನಿಂತಿಲ್ಲ, ಹೊರಕ್ಕೆ ಇಳಿಜಾರಾಗಿವೆ. ಮೂಲೆಗಳು ಮುಂಚಾಚಿರುವುದರಿಂದ ಗೋಡೆಯ ಬುಡಕ್ಕೆ ಬಂದವನ ಮೇಲೆ ಪಕ್ಕದಿಂದ ಗುಂಡು ಹಾರಿಸಬಹುದಿತ್ತು. ಒಳಗೆ ನಟ್ಟನಡುವೆ ಕೂಡುವ ಚಿಹ್ನೆಯ ಆಕಾರದ ಮೆಟ್ಟಿಲುಕೊಳವಿದೆ. ಮಂಗಳೂರಿನಿಂದ ಮೇಲೇರುವ ದಾರಿಯನ್ನು ಕಾಯುವುದು ಕೋಟೆಯ ಕೆಲಸವಾಗಿತ್ತು. ಇಂದು ಪ್ರವಾಸಿಗರನ್ನು ಕರೆತರುವುದೂ ಅದೇ ಘಟ್ಟದಾರಿ. ಅದು ಮುಚ್ಚುವುದು ಮಾತ್ರ ಶತ್ರುವಿನಿಂದಲ್ಲ, ಮಳೆಯಿಂದ. 2024ರ ಜುಲೈನಲ್ಲಿ ಶಿರಾಡಿ ಘಾಟಿಯ ದೊಡ್ಡತಪ್ಪಲೆಯಲ್ಲಿ ಗುಡ್ಡ ಜರಿದು ಸಂಚಾರ ನಿಂತಿತು.

ದೂರದ ಲೆಕ್ಕ ಎಷ್ಟು ಸಾಲದು ಎಂಬುದಕ್ಕೆ ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ರೈಲುಮಾರ್ಗವೇ ಸಾಕ್ಷಿ. ಸುಮಾರು 55 ಕಿ.ಮೀ. ಉದ್ದದ ಈ ಘಟ್ಟದ ಹಳಿಯಲ್ಲಿ 57 ಸುರಂಗಗಳಿವೆ, ಸೇತುವೆಗಳು ನೂರಕ್ಕೂ ಹೆಚ್ಚು. ಐವತ್ತು ಅಡಿ ಸಾಗಿದರೆ ಒಂದಡಿ ಇಳಿಯುವಷ್ಟು ಕಡಿದಾದ ದಾರಿ. 1979ರಲ್ಲಿ ತೆರೆದ ಮೀಟರ್‌ಗೇಜ್ ಮಾರ್ಗವನ್ನು ಬ್ರಾಡ್‌ಗೇಜಿಗೆ ಬದಲಿಸಲು 1996ರಲ್ಲಿ ಮುಚ್ಚಲಾಯಿತು. ಗೂಡ್ಸ್ ರೈಲು ಮತ್ತೆ ಓಡಿದ್ದು 2006ರಲ್ಲಿ, ಪ್ರಯಾಣಿಕರ ರೈಲು 2007ರ ಡಿಸೆಂಬರಿನಲ್ಲಿ. ಹಳಿಯ ಮೇಲಿನ ನಡಿಗೆ ಮೊದಲಿನಿಂದಲೂ ಇತ್ತಲ್ಲ, ಈಗೇಕೆ ನಿಷೇಧ ಎಂಬ ಆಕ್ಷೇಪಕ್ಕೆ ಈ ಇಸವಿಗಳಲ್ಲೇ ಉತ್ತರವಿದೆ. ರೈಲಿಲ್ಲದ ವರ್ಷಗಳಲ್ಲಿ ಅದು ಕಾಡಿನೊಳಗಿನ ಕಾಲುದಾರಿಯಂತಿತ್ತು. ಇಂದು ಹಗಲೂ ರಾತ್ರಿಯೂ ರೈಲು ಓಡುವ ಒಂಟಿ ಹಳಿ. ಸುರಂಗದ ತಿರುವಿನಲ್ಲಿ ರೈಲು ಎದುರಾದರೆ ಪಕ್ಕಕ್ಕೆ ಸರಿಯಲು ಜಾಗ ಸಿಗುವ ಭರವಸೆಯಿಲ್ಲ. 2024ರ ಜುಲೈ ಕೊನೆಯಲ್ಲಿ ಕಡಗರವಳ್ಳಿ–ಎಡಕುಮೇರಿ ನಡುವೆ ಹಳಿಯ ಕೆಳಗಿನ ಮಣ್ಣೇ ಕುಸಿದು ಹಲವು ದಿನ ರೈಲು ಸಂಚಾರ ರದ್ದಾಗಿತ್ತು. ಹಸಿರನ್ನು ನೋಡಬೇಕಾದವರಿಗೆ ಹಗಲು ರೈಲಿನ ಕಿಟಕಿಯಿದೆ.

ಮಳೆಗಾಲವೇ ಇಲ್ಲಿನ ಸೊಬಗು, ಅದನ್ನು ಬಿಟ್ಟರೆ ನೋಡುವುದೇನಿದೆ ಎಂಬುದು ಇನ್ನೊಂದು ವಾದ. ಅಬ್ಬಿಗಳ ಮಟ್ಟಿಗೆ ಇದರಲ್ಲಿ ಹುರುಳಿದೆ: ಹೆತ್ತೂರು ಕಡೆಯ ಮೂಕನಮನೆ ಅಬ್ಬಿ ತುಂಬಿ ಧುಮ್ಮಿಕ್ಕುವುದು ಮಳೆಯಲ್ಲೇ. ಆದರೆ ಬಂಡೆ ಜಾರುವುದೂ, ಮೇಲೆಲ್ಲೋ ಬಿದ್ದ ಮಳೆಗೆ ಹೊಳೆ ಏಕಾಏಕಿ ಏರುವುದೂ ಆಗಲೇ. ಜೇನುಕಲ್ಲು ಗುಡ್ಡ, ಪಾಂಡವರ ಗುಡ್ಡ, ಮೂರುಕಣ್ಣು ಗುಡ್ಡಗಳ ಹುಲ್ಲುಗಾವಲು ಮಂಜಿನಲ್ಲಿ ಮುಳುಗಿದರೆ ಅಂಚು ಎಲ್ಲಿದೆಯೆಂದೇ ತಿಳಿಯದು. ಬಿಸ್ಲೆ ಘಾಟಿಯ ವೀಕ್ಷಣಾ ಸ್ಥಳದಿಂದ ಎದುರಿನ ಕುಮಾರಪರ್ವತ, ಪುಷ್ಪಗಿರಿ ಸಾಲು ಕಾಣಲು ಆಕಾಶ ತಿಳಿಯಾಗಬೇಕು.

ಹಾಗೆಂದು ಮಳೆ ನಿಂತ ಮೇಲೆ ಎಲ್ಲ ದಾರಿಯೂ ನಿರಾತಂಕವಲ್ಲ. ಆಲೂರು–ಸಕಲೇಶಪುರದ ಕಾಡಾನೆಗಳು ಕಾಡು, ತೋಟ, ಗದ್ದೆಗಳ ನಡುವೆಯೇ ಓಡಾಡುತ್ತವೆ. ಭತ್ತ ತೆನೆಗಟ್ಟುವಾಗ ಗದ್ದೆಗೆ ಇಳಿಯುತ್ತವೆ. ಮೈಸೂರು ದಸರಾದಲ್ಲಿ ಎಂಟು ಬಾರಿ ಚಿನ್ನದ ಅಂಬಾರಿ ಹೊತ್ತ ಆನೆ ಅರ್ಜುನ, ಸಕಲೇಶಪುರ ತಾಲ್ಲೂಕಿನ ಯಸಳೂರು ಬಳಿ ಕಾಡಾನೆಯೊಂದಿಗಿನ ಕಾದಾಟದಲ್ಲಿ ಸತ್ತದ್ದು 2023ರ ಡಿಸೆಂಬರ್ 4ರಂದು. ತರಬೇತಿ ಪಡೆದ ಆನೆ, ಮಾವುತರು, ಅರಣ್ಯ ಸಿಬ್ಬಂದಿ ಇದ್ದೂ ಹೀಗಾದ ನೆಲದಲ್ಲಿ ಬೆಳಗಿನ ಜಾವ ಅಥವಾ ಮುಸ್ಸಂಜೆ ತೋಟದ ದಾರಿಯಲ್ಲಿ ನಡೆಯುವುದು ದುಸ್ಸಾಹಸ. ಆದ್ದರಿಂದ ತಿಂಗಳಿನ ಜೊತೆಗೆ ಹೊತ್ತನ್ನೂ ನೋಡಬೇಕಾಗುತ್ತದೆ.

ಕಟ್ಟುಪಾಡು ಹೆಚ್ಚಿದರೆ ಹೋಂಸ್ಟೇ, ಜೀಪು, ಹೋಟೆಲುಗಳನ್ನು ನಂಬಿದವರ ಗತಿಯೇನು ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ಅವರಿಗೂ ನಷ್ಟ ತರುವುದು ಎರಡೇ ದಿನದಲ್ಲಿ ಮುಗಿಬೀಳುವ ಜನಸಂದಣಿ ಮತ್ತು ಅದರ ಬೆನ್ನಿಗೆ ಬರುವ ಪೂರ್ಣ ನಿಷೇಧ. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರಪರ್ವತಕ್ಕೆ ಜನ ನುಗ್ಗಿದ ಮೇಲೆ ಅರಣ್ಯ ಇಲಾಖೆ ಚಾರಣವನ್ನು ತಡೆದು, ಆನ್‌ಲೈನ್ ಬುಕಿಂಗ್ ಮತ್ತು ಜನಮಿತಿಯತ್ತ ಹೊರಳಿತು. ಪುಷ್ಪಗಿರಿ ವನ್ಯಜೀವಿಧಾಮವು 2012ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮ ಘಟ್ಟದ ತಾಣಗಳಲ್ಲೊಂದು. ಅದರ ನೆರೆಯ ಬೆಟ್ಟಗಳಿಗೆ ಮಿತಿ ಹೊರೆಯಲ್ಲ. ಕೋಟೆಗೆ ವರ್ಷದ ಹೆಚ್ಚಿನ ಕಾಲ, ಗುಡ್ಡಗಳಿಗೆ ನವೆಂಬರಿನಿಂದ ಫೆಬ್ರುವರಿ, ಅಬ್ಬಿಗಳಿಗೆ ಮಳೆಯ ರಭಸ ಇಳಿದ ಮೇಲೆ, ರೈಲುಹಳಿಗೆ ಎಂದೂ ಇಲ್ಲ: ಹೊರಡುವವರು ಈ ಲೆಕ್ಕ ಹಿಡಿದು, ಅರಣ್ಯ ಇಲಾಖೆಯ ಅನುಮತಿ ಪಡೆದು, ಹಗಲಲ್ಲೇ ನಡೆದು ಹಿಂದಿರುಗಬೇಕು.