ಕೊಲಂಬಿಯದ ಕೊಕೇನ್ ವ್ಯವಹಾರ: ರಾಜಕೀಯ ಮತ್ತು ಸಾಮಾಜಿಕ ಪರಿಣಾಮ

ದಕ್ಷಿಣ ಅಮೆರಿಕದ ವಾಯವ್ಯ ತುದಿಯಲ್ಲಿರುವ ಕೊಲಂಬಿಯ, ಜಗತ್ತಿನಲ್ಲಿ ಅತಿ ಹೆಚ್ಚು ಕೊಕೇನ್ ತಯಾರಾಗುವ ದೇಶ. 1970ರ ದಶಕದಲ್ಲಿ ಬೇರುಬಿಟ್ಟ ಈ ಅಕ್ರಮ ವ್ಯವಹಾರ ಅಲ್ಲಿನ ಚುನಾವಣೆ, ನ್ಯಾಯಾಂಗ, ಸಂವಿಧಾನ, ಅಂತರ್ಯುದ್ಧ ಮತ್ತು ಹಳ್ಳಿಗಳ ಬದುಕು ಎಲ್ಲದರೊಳಗೂ ಕೈಯಾಡಿಸಿದೆ. ಕಳ್ಳಸಾಗಣೆದಾರರ ಮುಖ್ಯ ಗುರಿ ಸರ್ಕಾರವನ್ನು ಉರುಳಿಸುವುದಲ್ಲ, ಕಾನೂನು ತಮ್ಮ ತಂಟೆಗೆ ಬರದಂತೆ ನೋಡಿಕೊಳ್ಳುವುದಾಗಿತ್ತು. ಅದಕ್ಕಾಗಿ ಅವರು ಲಂಚ ಮತ್ತು ಕೊಲೆ ಎರಡನ್ನೂ ಬಳಸಿದರು.

ಉತ್ಪಾದನೆ

ಕೊಕೇನಿನ ಮೂಲವಾದ ಕೋಕಾ ಗಿಡದ ಎಲೆಯನ್ನು ವರ್ಷಕ್ಕೆ ನಾಲ್ಕಾರು ಬಾರಿ ಕೀಳಬಹುದು. ಕೂಲಿಯವರು ಬೆರಳುಗಳಿಗೆ ಬಟ್ಟೆ ಸುತ್ತಿಕೊಂಡು, ಕೊಂಬೆಯನ್ನು ಹಿಡಿದೆಳೆದು ಎಲೆ ಸವರುತ್ತಾರೆ. ಹೊಲದ ಪಕ್ಕದ ಗುಡಿಸಲಲ್ಲೇ ಎಲೆಯನ್ನು ಕೊಚ್ಚಿ, ಸುಣ್ಣ ಅಥವಾ ಸಿಮೆಂಟ್ ಬೆರೆಸಿ, ಪೆಟ್ರೋಲಿನಲ್ಲಿ ನೆನೆಹಾಕಿ ಕಚ್ಚಾ ಮುದ್ದೆ ತೆಗೆಯಲಾಗುತ್ತದೆ. ಅದನ್ನು ಬಿಳಿ ಪುಡಿಯಾಗಿಸುವ ಕೆಲಸ ಕಾಡಿನೊಳಗಿನ ಪ್ರಯೋಗಾಲಯಗಳದು. 1984ರ ಮಾರ್ಚ್‌ನಲ್ಲಿ ಪೊಲೀಸರು ದಾಳಿ ಮಾಡಿದ ಟ್ರಾಂಕಿಲಾಂಡಿಯಾ ಎಂಬ ಪ್ರಯೋಗಾಲಯ ಸಮುಚ್ಚಯದಲ್ಲಿ ಸುಮಾರು 14 ಟನ್ ಕೊಕೇನ್ ಸಿಕ್ಕಿತ್ತು. ಅಂತಿಮ ಮಾರಾಟ ಬೆಲೆಯಲ್ಲಿ ಬೆಳೆಗಾರನ ಪಾಲು ಅತ್ಯಲ್ಪ. ಸಾಗಣೆಯ ಅಪಾಯವನ್ನು ಹೊತ್ತವರಿಗೆ ಮತ್ತು ವಿದೇಶಿ ಮಾರುಕಟ್ಟೆಯ ಮಾರಾಟಗಾರರಿಗೆ ಲಾಭದ ಬಹುಭಾಗ ಸೇರುತ್ತದೆ.

ಹಸ್ತಾಂತರ ವಿರೋಧಿ ಹಿಂಸೆ

ಆರೋಪಿಗಳನ್ನು ವಿಚಾರಣೆಗಾಗಿ ಪರಸ್ಪರ ಒಪ್ಪಿಸುವ, ಅಂದರೆ ಹಸ್ತಾಂತರದ, ಒಪ್ಪಂದಕ್ಕೆ ಕೊಲಂಬಿಯ ಮತ್ತು ಅಮೆರಿಕ 1979ರಲ್ಲಿ ಸಹಿ ಹಾಕಿದವು. ಸ್ವದೇಶದ ಜೈಲನ್ನು ಹಣದಿಂದ ಪಳಗಿಸಬಹುದಿತ್ತು, ಅಮೆರಿಕದ ಜೈಲನ್ನಲ್ಲ. ಹೀಗಾಗಿ ಮೆಡೆಯಿನ್ ನಗರದ ಕಾರ್ಟೆಲ್ (ಕಳ್ಳಸಾಗಣೆದಾರರ ಕೂಟ) ಈ ಒಪ್ಪಂದವನ್ನೇ ಮುಖ್ಯ ಶತ್ರುವೆಂದು ಬಗೆಯಿತು.

ಅದರ ಮುಖಂಡ ಪಾಬ್ಲೊ ಎಸ್ಕೊಬಾರ್ 1982ರಲ್ಲಿ ಸಂಸತ್ತಿನ ಕೆಳಮನೆಗೆ ಬದಲಿ ಸದಸ್ಯನಾಗಿ ಆಯ್ಕೆಯಾಗಿದ್ದ. ಅವನ ಬಣ್ಣ ಬಯಲು ಮಾಡಿದ ನ್ಯಾಯಮಂತ್ರಿ ರೊಡ್ರಿಗೊ ಲಾರಾ ಬೊನಿಯಾ 1984ರ ಏಪ್ರಿಲ್‌ನಲ್ಲಿ ಕೊಲೆಯಾದರು. ಅವನ ಹಳೆಯ ಬಂಧನದ ಸುದ್ದಿಯನ್ನು ಮರುಪ್ರಕಟಿಸಿದ್ದ 'ಎಲ್ ಎಸ್ಪೆಕ್ಟಡೋರ್' ಪತ್ರಿಕೆಯ ಸಂಪಾದಕ ಗಿಯೆರ್ಮೊ ಕಾನೊ 1986ರ ಡಿಸೆಂಬರ್‌ನಲ್ಲಿ ಗುಂಡಿಗೆ ಬಲಿಯಾದರು. 1985ರ ನವೆಂಬರ್‌ನಲ್ಲಿ ಎಂ-19 ಬಂಡುಕೋರರು ಬೊಗೋಟದ ನ್ಯಾಯಸೌಧವನ್ನು ವಶಪಡಿಸಿಕೊಂಡರು. ಸೇನೆಯ ಮರುದಾಳಿಯೊಂದಿಗೆ ಮುಗಿದ ಈ ಘಟನೆಯಲ್ಲಿ ಸತ್ತ ಸುಮಾರು ನೂರು ಮಂದಿಯಲ್ಲಿ 11 ಜನ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳು. ಇದರ ಹಿಂದೆ ಎಸ್ಕೊಬಾರ್‌ನ ಹಣವಿತ್ತೇ ಎಂಬ ಬಗ್ಗೆ ಒಮ್ಮತವಿಲ್ಲ.

ಅಧ್ಯಕ್ಷ ಸ್ಥಾನದ ಪ್ರಬಲ ಅಭ್ಯರ್ಥಿಯಾಗಿದ್ದ, ಹಸ್ತಾಂತರವನ್ನು ಬೆಂಬಲಿಸುತ್ತಿದ್ದ ಲೂಯಿಸ್ ಕಾರ್ಲೋಸ್ ಗಾಲಾನ್ 1989ರ ಆಗಸ್ಟ್ 18ರಂದು ಸೊವಾಚಾದ ಪ್ರಚಾರ ಸಭೆಯಲ್ಲಿ ಹತರಾದರು. ಅದೇ ವರ್ಷದ ನವೆಂಬರ್‌ನಲ್ಲಿ ಆವಿಯಾಂಕಾ ವಿಮಾನವನ್ನು ಸ್ಫೋಟಿಸಲಾಯಿತು. ಅದರಲ್ಲಿದ್ದ 107 ಮಂದಿಯೂ ಸತ್ತರು. ಕೊನೆಗೆ 1991ರ ಹೊಸ ಸಂವಿಧಾನ ಹುಟ್ಟಿನಿಂದ ಕೊಲಂಬಿಯನ್ನರಾದವರ ಹಸ್ತಾಂತರವನ್ನು ನಿಷೇಧಿಸಿತು. ಸಂವಿಧಾನ ಸಭೆ ಈ ವಿಧಿಗೆ ಒಪ್ಪಿಗೆ ನೀಡಿದ ಜೂನ್ 19ರಂದೇ ಎಸ್ಕೊಬಾರ್ ಶರಣಾದ. ತನಗೆ ಬೇಕಾದಂತೆ ಕಟ್ಟಿಸಿಕೊಂಡಿದ್ದ 'ಲಾ ಕಟೆಡ್ರಾಲ್' ಜೈಲಿನಿಂದ ಮರುವರ್ಷ ತಪ್ಪಿಸಿಕೊಂಡ ಅವನು 1993ರ ಡಿಸೆಂಬರ್ 2ರಂದು ಪೊಲೀಸ್ ಕಾರ್ಯಾಚರಣೆಯಲ್ಲಿ ಸತ್ತ. 1997ರ ತಿದ್ದುಪಡಿ ಹಸ್ತಾಂತರಕ್ಕೆ ಮತ್ತೆ ದಾರಿ ತೆರೆಯಿತು.

ಚುನಾವಣೆಯಲ್ಲಿ ಹಣ

ಕಾಲಿ ನಗರದ ಕಾರ್ಟೆಲ್ ಬಾಂಬಿಗಿಂತ ಲಂಚವನ್ನು ಹೆಚ್ಚು ನೆಚ್ಚಿಕೊಂಡಿತ್ತು. 1994ರ ಅಧ್ಯಕ್ಷ ಚುನಾವಣೆಯಲ್ಲಿ ಗೆದ್ದ ಎರ್ನೆಸ್ಟೊ ಸಾಂಪೆರ್ ಅವರ ಪ್ರಚಾರಕ್ಕೆ ಅದರ ಹಣ ಬಂದಿತ್ತೆಂಬ ಹಗರಣ, ತನಿಖಾ ಕಡತದ ಸಂಖ್ಯೆಯಿಂದ 'ಪ್ರೊಸೆಸೊ 8000' ಎಂದೇ ಹೆಸರಾಯಿತು. ರಕ್ಷಣಾ ಮಂತ್ರಿಯಾಗಿದ್ದ ಫೆರ್ನಾಂಡೊ ಬೊಟೆರೊ ಜೈಲು ಸೇರಿದರು. ತಮಗೆ ತಿಳಿದಿರಲಿಲ್ಲವೆಂದ ಸಾಂಪೆರ್ ಅವರನ್ನು ಕೆಳಮನೆ 1996ರಲ್ಲಿ ದೋಷಮುಕ್ತಗೊಳಿಸಿತಾದರೂ ಅಮೆರಿಕ ಅವರ ವೀಸಾ ರದ್ದುಮಾಡಿತು. ದೊಡ್ಡ ಕಾರ್ಟೆಲ್‌ಗಳು ಒಡೆದ ಮೇಲೂ ರಾಜಕೀಯದೊಂದಿಗಿನ ನಂಟು ಕಡಿಯಲಿಲ್ಲ. ಕೊಕೇನ್ ಸಾಗಣೆಯಲ್ಲಿ ತೊಡಗಿದ್ದ ಬಲಪಂಥೀಯ ಅರೆಸೇನಾ ಗುಂಪುಗಳೊಂದಿಗೆ ಒಳಒಪ್ಪಂದ ಮಾಡಿಕೊಂಡು ಮತ ಗಳಿಸಿದ ಸಂಸದರ ವಿಚಾರ 2006ರಿಂದ ಬೆಳಕಿಗೆ ಬಂದು, ಹತ್ತಾರು ಮಂದಿಗೆ ಶಿಕ್ಷೆಯಾಯಿತು.

ಸಮಾಜದ ಮೇಲೆ

ಎಡಪಂಥೀಯ ಫಾರ್ಕ್ ಬಂಡುಕೋರರು ಬೆಳೆ ಮತ್ತು ಮುದ್ದೆಯ ಮೇಲೆ ತೆರಿಗೆ ಹಾಕಿದರು, ಅರೆಸೇನಾ ಗುಂಪುಗಳು ಸಾಗಣೆಯ ದಾರಿಗಳನ್ನು ಹಿಡಿದವು. ಇಬ್ಬರಿಗೂ ಬಂದೂಕಿನ ಖರ್ಚು ಹುಟ್ಟಿದ್ದು ಇಲ್ಲೇ. ಯುದ್ಧ ದೀರ್ಘವಾಗಲು ಇದೂ ಒಂದು ಕಾರಣ. ಸಂಘರ್ಷದಿಂದ 70 ಲಕ್ಷಕ್ಕೂ ಹೆಚ್ಚು ಜನ ಊರು ಬಿಟ್ಟರು. ಅವರು ಬಿಟ್ಟುಹೋದ ಜಮೀನಿನ ಒಂದು ಭಾಗ ಕಳ್ಳಸಾಗಣೆದಾರರ ದನದ ಹುಲ್ಲುಗಾವಲಾಯಿತು.

ಮೆಡೆಯಿನ್‌ನಲ್ಲಿ ಗುಡ್ಡದ ಇಳಿಜಾರಿನ ಬಡ ಬಡಾವಣೆಗಳ ಹುಡುಗರು ಸುಪಾರಿ ಹಂತಕರಾದರು. 1991ರಲ್ಲಿ ಆ ನಗರದ ಕೊಲೆ ಪ್ರಮಾಣ ಲಕ್ಷ ಜನರಿಗೆ 380ರ ಆಸುಪಾಸಿನಲ್ಲಿತ್ತು. ಅದೇ ಊರಲ್ಲಿ ಎಸ್ಕೊಬಾರ್ ಕಸದ ಗುಡ್ಡೆಯ ಬಳಿ ಬದುಕುತ್ತಿದ್ದವರಿಗೆ ಮನೆ ಕಟ್ಟಿಸಿಕೊಟ್ಟಿದ್ದ. ಸರ್ಕಾರ ತಲೆಹಾಕದ ಕಡೆ ಅವನು ದಾನಿಯೆನಿಸಿಕೊಂಡ; ಆ ಬಡಾವಣೆಗೆ ಇಂದಿಗೂ ಅವನದೇ ಹೆಸರು.

ಸರ್ಕಾರದ ಕ್ರಮಗಳು

2000ದಲ್ಲಿ ಅಮೆರಿಕದ ನೆರವಿನಿಂದ ಆರಂಭವಾದ 'ಪ್ಲಾನ್ ಕೊಲಂಬಿಯ' ಸೇನೆಯನ್ನು ಬಲಪಡಿಸಿತು. ಕೋಕಾ ಬೆಳೆಯ ಮೇಲೆ ವಿಮಾನದಿಂದ ಗ್ಲೈಫೋಸೇಟ್ ಕಳೆನಾಶಕ ಸಿಂಪಡಿಸಲಾಯಿತು. ಆರೋಗ್ಯದ ಆತಂಕದಿಂದ 2015ರಲ್ಲಿ ಅದು ನಿಂತಿತು. ಫಾರ್ಕ್ ಜೊತೆಗಿನ 2016ರ ಶಾಂತಿ ಒಪ್ಪಂದದಂತೆ ಬೆಳೆ ಬದಲಾಯಿಸಲು ಸುಮಾರು 99 ಸಾವಿರ ಕುಟುಂಬಗಳು ಹೆಸರು ನೋಂದಾಯಿಸಿದವು. ಆದರೆ ಭರವಸೆಯ ನೆರವು ತಡವಾಯಿತು. ಫಾರ್ಕ್ ತೆರವು ಮಾಡಿದ ಪ್ರದೇಶಗಳಿಗೆ ಸರ್ಕಾರಕ್ಕಿಂತ ಮೊದಲು ಬೇರೆ ಸಶಸ್ತ್ರ ಗುಂಪುಗಳು ಬಂದವು. ವಿಶ್ವಸಂಸ್ಥೆಯ ಅಂದಾಜಿನಲ್ಲಿ 2013ರಲ್ಲಿ 48 ಸಾವಿರ ಹೆಕ್ಟೇರ್ ಇದ್ದ ಕೋಕಾ ಬೇಸಾಯ 2023ಕ್ಕೆ 2.53 ಲಕ್ಷ ಹೆಕ್ಟೇರ್ ತಲುಪಿತು. ರಸ್ತೆಯಿಲ್ಲದ ಹಳ್ಳಿಯಲ್ಲಿ ಬಾಳೆ, ಜೋಳವನ್ನು ಸಂತೆಗೆ ಸಾಗಿಸುವ ಖರ್ಚೇ ಬೆಲೆಯನ್ನು ಮೀರುತ್ತದೆ. ಕೋಕಾ ಮುದ್ದೆಯನ್ನು ಕೊಳ್ಳುವವರು ಮನೆಬಾಗಿಲಿಗೇ ಬರುತ್ತಾರೆ.